ಮಗು ಎಲ್ಲಿ ನಿಂತಿದೆ? ಆಬಾಲಾಲರ ನಿಸರ್ಗಚಿತ್ರ ಮತ್ತು ಅಭಿವ್ಯಕ್ತಿವಾದ

ಆಂಬೋಲಿ ಘಟ್ಟದಲ್ಲಿ ಹುಟ್ಟುವ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರದ ಕಡೆ ಇಳಿಯುತ್ತದೆ. ಮಹಾರಾಷ್ಟ್ರ–ಕರ್ನಾಟಕದ ಈ ಗಡಿಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ಓಡಾಡುತ್ತವೆ. ಕೊಲ್ಲಾಪುರ ಚಿತ್ರಕಲೆಯ ಹಿರಿಯರಾದ ಆಬಾಲಾಲ್ ರಹಿಮಾನ್ ಗಡಹಿಂಗ್ಲಜದವರು. 1880ರ ದಶಕದಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ವೈಸರಾಯ್ ಪದಕ ಗಳಿಸಿ, ಮುಂದೆ ಕೊಲ್ಲಾಪುರದ ಶಾಹೂ ಮಹಾರಾಜರ ದರಬಾರಿನ ಚಿತ್ರಕಾರರಾದರು, 1931ರಲ್ಲಿ ತೀರಿಕೊಂಡರು. ಇವರನ್ನು ಅಭಿವ್ಯಕ್ತಿವಾದಿ ಎನ್ನಬಹುದೇ? ಒರೆಗೆ ಹಚ್ಚಲು ಒಂದು ಪ್ರಶ್ನೆ ಸಾಕು: ನಿಸರ್ಗದ ನಡುವೆ ಮಗುವನ್ನು ಎಲ್ಲಿ ನಿಲ್ಲಿಸಿದ್ದಾರೆ?

ಜರ್ಮನಿಯ ವೋರ್ಪ್ಸ್‌ವೇಡೆ ಎಂಬ ಹಳ್ಳಿಯಲ್ಲಿ ಪೌಲಾ ಮೋಡರ್‌ಸೋನ್-ಬೆಕ್ಕರ್ (1876–1907) ರೈತರ ಮಕ್ಕಳನ್ನು ಬರೆದರು. ಬರ್ಚ್ ಮರಗಳ ನಡುವೆ ಬೆಕ್ಕನ್ನು ಎತ್ತಿಕೊಂಡ ಹುಡುಗಿಯ ಚಿತ್ರ 1904ರ ಸುಮಾರಿನದು. ಅಲ್ಲಿ ಹುಡುಗಿಯೇ ಮುಂದೆ. ಬಿಳಿ ಕಾಂಡಗಳು ಅವಳ ಬೆನ್ನಿಗೆ ಸರಳುಗಳಂತೆ ನಿಂತಿವೆ. ಮೈಯ ರೇಖೆ ದಪ್ಪ, ಬಣ್ಣ ಸಮತಟ್ಟು, ಮುದ್ದು ಎಳ್ಳಷ್ಟೂ ಇಲ್ಲ. ಮರಗಳ ಬಿಗುವೂ ಮಗುವಿನ ಬಿಗುವೂ ಒಂದೇ. ದೃಶ್ಯ ಹೇಗಿತ್ತು ಎಂಬುದಕ್ಕಿಂತ ಒಳಗೆ ಏನು ತಟ್ಟಿತು ಎಂಬುದಕ್ಕೆ ಇಲ್ಲಿ ಬೆಲೆ; ಅಭಿವ್ಯಕ್ತಿವಾದದ ತಿರುಳೂ ಇದೇ. ಅಭಿವ್ಯಕ್ತಿವಾದಿಗಳ ಡ್ರೆಸ್ಡೆನ್ನಿನ ‘ಡೀ ಬ್ರೂಕೆ’ ಬಳಗ ಹುಟ್ಟಿದ್ದು 1905ರಲ್ಲಿ, ಇದಾದ ಮೇಲೆ.

ಆಬಾಲಾಲರದು ಬೇರೆ ದಾರಿ. ಕೊಲ್ಲಾಪುರದ ಕೋಟಿತೀರ್ಥ, ರಂಕಾಳ ಕೆರೆಗಳ, ಪಂಚಗಂಗಾ ನದಿಯ ದಂಡೆಗಳಲ್ಲಿ ಅವರು ಹಿಡಿದದ್ದು ಹೊತ್ತನ್ನು: ಬೆಳಗಿನ ಮಂಜು, ಇಳಿಬಿಸಿಲು, ನೀರಿನ ಮೇಲೆ ಒಡೆದ ಬೆಳಕು. ಮನುಷ್ಯರು ಬಂದರೂ ಬಣ್ಣದ ಒಂದು ಚುಕ್ಕೆಯಾಗಿ ಬರುತ್ತಾರೆ. ಅದು ಮಗುವೋ ಹಿರಿಯರೋ ಎಂದು ಕೇಳುವ ಹಂಗೇ ಚಿತ್ರಕ್ಕಿಲ್ಲ. ಕಲಾಶಾಲೆಯ ಶಿಸ್ತಿನಲ್ಲಿ ಭಾವಚಿತ್ರಕ್ಕೂ ನಿಸರ್ಗಚಿತ್ರಕ್ಕೂ ಬೇರೆ ಬೇರೆ ಅಂಕಣಗಳಿದ್ದವು. ಕೊಲ್ಲಾಪುರದವರು ಎರಡರಲ್ಲೂ ಪಳಗಿದರು, ನಡುವಿನ ಗೋಡೆ ಕೆಡವುವ ಗೋಜಿಗೆ ಹೋಗಲಿಲ್ಲ ಎಂಬುದು ನನ್ನ ಎಣಿಕೆ.

1922 ಗಮನಿಸಬೇಕಾದ ವರ್ಷ. ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಪ್ರದರ್ಶನ ನಡೆದು ಕ್ಲೇ, ಕಾಂಡಿನ್ಸ್ಕಿಯರ ಕೃತಿಗಳು ಭಾರತಕ್ಕೆ ಬಂದವು. ಅದೇ ವರ್ಷದ ಮೇ ತಿಂಗಳಲ್ಲಿ ಶಾಹೂ ಮಹಾರಾಜರು ತೀರಿಕೊಂಡಿದ್ದರು. ಆ ದುಃಖದಲ್ಲಿ ಆಬಾಲಾಲರು ಸಾವಿರಾರು ಚಿತ್ರಗಳನ್ನು ಕೋಟಿತೀರ್ಥಕ್ಕೆ ಎಸೆದರೆಂಬ ಮಾತು ಕೊಲ್ಲಾಪುರದಲ್ಲಿ ಇಂದಿಗೂ ಬಳಕೆಯಲ್ಲಿದೆ. ಒಟ್ಟು 20,000 ಚಿತ್ರ ಬರೆದಿದ್ದರು ಎಂದೂ ಹೇಳುವವರಿದ್ದಾರೆ. ನಲವತ್ತು ವರ್ಷ ಬಿಡದೆ ದಿನಕ್ಕೊಂದು ಬರೆದರೂ ಲೆಕ್ಕ 15,000 ಮುಟ್ಟುವುದಿಲ್ಲ. ಸಣ್ಣ ಸ್ಕೆಚ್ಚುಗಳನ್ನೂ ಸೇರಿಸಿಕೊಂಡರೆ ಮಾತ್ರ ಆ ಅಂಕಿ ನಂಬಬಹುದು.

ಅವರಿಗೆ ಅಭಿವ್ಯಕ್ತಿವಾದದ ಹಣೆಪಟ್ಟಿ ಹಚ್ಚುವ ಆಸೆ ಹುಟ್ಟುವುದು ಚಿತ್ರಗಳಿಂದಲ್ಲ, ಅವನ್ನು ನೀರಿಗೆಸೆದ ಈ ಕತೆಯಿಂದ. ಬದುಕಿನ ಉದ್ವೇಗವನ್ನು ಕುಂಚದ ಲೆಕ್ಕಕ್ಕೆ ಬರೆಯಲಾಗದು. ಕೊಲ್ಲಾಪುರದ ಟೌನ್ ಹಾಲ್ ಮ್ಯೂಜಿಯಂನಲ್ಲಿ ಉಳಿದಿರುವ ಚಿತ್ರಗಳೇ ಇಲ್ಲಿ ಸಾಕ್ಷಿ. ಅವುಗಳ ಬಲದ ಮೇಲೆ ಆಬಾಲಾಲರನ್ನು ಹೊತ್ತಿನ ಬೆಳಕನ್ನು ಹಿಡಿಯುವ ಇಂಪ್ರೆಷನಿಸಂನ ನೆರೆಯಲ್ಲೇ ಇಡಬೇಕಾಗುತ್ತದೆ.