ಮೆಣಸು ಮತ್ತು ಮೆಣಸಿನಕಾಯಿ: ಹೆಸರೊಂದು, ಸಸ್ಯಗಳೆರಡು

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಕನ್ನಡಿಗರೆಲ್ಲ ಸೇರಿ ಯುಗಾದಿಯ ಸಹಭೋಜನವನ್ನು ಇಟ್ಟುಕೊಂಡಿದ್ದೆವು. ಸಾರಿಗೆ ಅರ್ಧ ಕಿಲೋ ಮೆಣಸು ಬೇಕೆಂದು ಮೈಸೂರು ಕಡೆಯ ಹಿರಿಯರೊಬ್ಬರು ಚೀಟಿ ಬರೆದರು. ಚೀಟಿ ಹಿಡಿದು ಅಂಗಡಿಗೆ ಹೋದವರು ಮಂಗಳೂರು ಕಡೆಯವರು. ಅವರು ತಂದದ್ದು ಅರ್ಧ ಕಿಲೋ ಒಣಮೆಣಸಿನಕಾಯಿ! ಸ್ವಲ್ಪ ಹೊತ್ತು ಇಬ್ಬರೂ ಒಬ್ಬರ ಮೇಲೊಬ್ಬರು ಮೆಣಸು ಅರೆದರು. ನ್ಯಾಯವಾಗಿ ನೋಡಿದರೆ ಇಬ್ಬರದೂ ಸರಿಯೇ. ಒಬ್ಬರ ಮನೆಮಾತಿನಲ್ಲಿ ಮೆಣಸು ಎಂದರೆ ಕಪ್ಪು ಕಾಳು, ಇನ್ನೊಬ್ಬರ ಮನೆಮಾತಿನಲ್ಲಿ ಕೆಂಪು ಕಾಯಿ. ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ, "ಕಾಲಿ ಮಿರ್ಚ್ ಅಂತ ಬರೆದಿದ್ದರೆ ಆಗುತ್ತಿತ್ತಲ್ಲ" ಎಂದ. ಎಲ್ಲರೂ ನಕ್ಕೆವು. ಆದರೆ ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಈ ಎರಡು ಸಸ್ಯಗಳಿಗೆ ರಕ್ತಸಂಬಂಧವಿಲ್ಲ. ಮೆಣಸು ವೀಳ್ಯದೆಲೆಯ ಕುಟುಂಬದ ಬಳ್ಳಿ. ನಮ್ಮ ಪಶ್ಚಿಮ ಘಟ್ಟವೇ ಅದರ ತವರು. ಮೆಣಸಿನಕಾಯಿ ಬದನೆ, ಟೊಮೇಟೊಗಳ ಕುಟುಂಬದ ಗಿಡ. ಅದರ ತವರು ಅಮೆರಿಕ ಖಂಡ, ನಾವು ಹೆಚ್ಚಾಗಿ ಬೆಳೆಯುವ ಜಾತಿಯನ್ನು ಪಳಗಿಸಿದ್ದು ಮೆಕ್ಸಿಕೋ ದೇಶದಲ್ಲಿ. ಹೀಗಿದ್ದೂ ಒಂದರ ಹೆಸರು ಇನ್ನೊಂದಕ್ಕೆ ಹೇಗೆ ಬಂತು?

ಮೆಣಸಿನ ಕಥೆ ಬಹು ಹಳೆಯದು. ಕ್ರಿಸ್ತಪೂರ್ವ 13ನೆಯ ಶತಮಾನದಲ್ಲಿ ತೀರಿಕೊಂಡ ಈಜಿಪ್ಟಿನ ಎರಡನೆಯ ರಾಮ್ಸೆಸ್ ದೊರೆಯ ಮಮ್ಮಿಯ ಮೂಗಿನಲ್ಲಿ ಮೆಣಸಿನ ಕಾಳುಗಳು ಸಿಕ್ಕಿವೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನ ಪ್ಲಿನಿ ಕೊಟ್ಟಿರುವ ಧಾರಣೆಯಂತೆ ಒಂದು ಪೌಂಡು ಹಿಪ್ಪಲಿಗೆ 15 ದಿನಾರಿ, ಬಿಳಿಮೆಣಸಿಗೆ 7, ಕರಿಮೆಣಸಿಗೆ 4. ಖಾರವೊಂದನ್ನು ಬಿಟ್ಟರೆ ಬೇರೆ ಗುಣವಿಲ್ಲದ ಈ ವಸ್ತುವಿಗೆ ಜನ ಏಕೆ ಮರುಳಾಗುತ್ತಾರೋ ಎಂದು ಆತ ಗೊಣಗಿದ್ದಾನೆ. 408ರಲ್ಲಿ ರೋಮ್ ನಗರವನ್ನು ಮುತ್ತಿದ ಅಲಾರಿಕ್, ಮುತ್ತಿಗೆ ತೆಗೆಯಲು ಚಿನ್ನ ಬೆಳ್ಳಿಗಳ ಜೊತೆಗೆ 3,000 ಪೌಂಡು ಮೆಣಸನ್ನೂ ಕೇಳಿದ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಬಂದಿಳಿದದ್ದೂ ಈ ಕಾಳಿನ ಆಸೆಯಿಂದಲೇ.

ಕನ್ನಡ ನಾಡಿಗೂ ಇದರಲ್ಲಿ ದೊಡ್ಡ ಪಾಲುಂಟು. ಶರಾವತಿಯ ದಂಡೆಯ ಗೇರುಸೊಪ್ಪೆಯಲ್ಲಿ 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಘಟ್ಟದ ಮೆಣಸು ಹೊಳೆಯಲ್ಲಿ ಇಳಿದು ಹೊನ್ನಾವರ, ಭಟ್ಕಳದ ಬಂದರುಗಳಿಂದ ಕಡಲು ದಾಟುತ್ತಿತ್ತು. ರಾಣಿ ಪೋರ್ಚುಗೀಸರೊಡನೆ ಕಾದಾಡಿದಳು, ವ್ಯಾಪಾರವನ್ನೂ ಮಾಡಿದಳು. ಕಡೆಗೆ 17ನೆಯ ಶತಮಾನದ ಆರಂಭದಲ್ಲಿ ಆ ಸೀಮೆ ಕೆಳದಿಯ ನಾಯಕರ ವಶವಾಯಿತು. 1623ರಲ್ಲಿ ಇಕ್ಕೇರಿಗೆ ಹೋಗುತ್ತ ಆ ದಾರಿಯಲ್ಲಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಮೆಣಸಿನ ರಾಣಿಯ ಹೆಸರನ್ನು ನೆನೆದಿದ್ದಾನೆ. ಇಂದು ಗೇರುಸೊಪ್ಪೆಗೆ ಹೋದವರು ಕಾಡಿನ ನಡುವೆ ಚತುರ್ಮುಖ ಬಸದಿಯನ್ನು ನೋಡಬಹುದು, ಊರು ಉಳಿದಿಲ್ಲ.

ಇತ್ತ ಮೆಣಸನ್ನು ಹುಡುಕಿಕೊಂಡೇ ಪಶ್ಚಿಮಕ್ಕೆ ಹೊರಟಿದ್ದ ಕೊಲಂಬಸನಿಗೆ 1492ರಲ್ಲಿ ಸಿಕ್ಕಿದ್ದು ಬೇರೆ ಭೂಮಿ, ಬೇರೆ ಖಾರ. ಮೆಣಸಿಗೆ 'ಪಿಮಿಯೆಂತ' ಎನ್ನುತ್ತಿದ್ದ ಸ್ಪೇನಿನವರು ಈ ಹೊಸ ಕಾಯಿಗೆ 'ಪಿಮಿಯೆಂತೊ' ಎಂದರು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ತೀರಕ್ಕೆ ಬಂತು. ಮುಂಬಯಿ ಕಡೆ ಅದಕ್ಕೆ ಗೋವೆಯ ಮೆಣಸಿನಕಾಯಿ ಎಂದೇ ಹೆಸರಿತ್ತು. ತಮಾಷೆಯೆಂದರೆ, 1542ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಫುಕ್ಸ್ ಇದನ್ನು ಕಲ್ಲಿಕೋಟೆಯ ಮೆಣಸೆಂದು ತಿಳಿದಿದ್ದ!

ಅದಕ್ಕೆ ಮೊದಲು ನಮ್ಮವರ ಅಡಿಗೆಯಲ್ಲಿ ಖಾರವಿರಲಿಲ್ಲವೆ? ಇತ್ತು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ'ದಲ್ಲಿ ಮೆಣಸಿನಕಾಯಿಗೆ ಎಡೆಯಿಲ್ಲ. ಅಂದಿನ ಖಾರವೆಲ್ಲ ಮೆಣಸು, ಶುಂಠಿಗಳದು. 1590ರ ಸುಮಾರಿನ 'ಐನ್-ಇ-ಅಕ್ಬರಿ'ಯ ಅಡಿಗೆಗಳಲ್ಲೂ ಕರಿಮೆಣಸೇ. ಆಮೇಲಿನ ಇನ್ನೂರು ವರ್ಷಗಳಲ್ಲಿ ಹೊಸಬ ಎಲ್ಲ ಒಲೆಗಳನ್ನೂ ಗೆದ್ದುಕೊಂಡ.

ಇದರ ಕಾರಣ ತಿಳಿಯಬೇಕಾದರೆ ಎರಡರ ಆರೈಕೆಯನ್ನು ಹೋಲಿಸಿ ನೋಡಬೇಕು. ಮೆಣಸಿನ ಬಳ್ಳಿಗೆ ಏರಲು ಮರ ಬೇಕು: ಅಡಿಕೆ, ಹಾಲಿವಾಣ, ಹಲಸು, ಏನಾದರೊಂದು. ನೆರಳು, ಧಾರಾಳ ಮಳೆ, ನೀರು ನಿಲ್ಲದ ಮಣ್ಣು ಬೇಕು. ಬುಡದ ಹಬ್ಬು ಬಳ್ಳಿಯನ್ನು ಕತ್ತರಿಸಿ ಬೇರು ಬರಿಸಿ ಮಳೆಗಾಲದ ಆರಂಭದಲ್ಲಿ ನೆಟ್ಟರೆ ಮೂರನೆಯ ವರ್ಷಕ್ಕೆ ಫಸಲು ಕಾಣಿಸುತ್ತದೆ. ಏಳೆಂಟು ವರ್ಷಕ್ಕೆ ತುಂಬು ಫಸಲು. ಜೋರು ಮಳೆಯಲ್ಲಿ ಸೊರಗು ರೋಗ ತಗಲಿದರೆ ಬೆಳೆದ ಬಳ್ಳಿಯೂ ಕೆಲವೇ ದಿನಗಳಲ್ಲಿ ಒಣಗುತ್ತದೆ; ಅದಕ್ಕೇ ತೋಟಗಾರರು ಮೊದಲೇ ಮೈಲುತುತ್ತ, ಸುಣ್ಣಗಳ ಬೋರ್ಡೊ ದ್ರಾವಣ ಸಿಂಪಡಿಸುತ್ತಾರೆ. ಕರೆಯಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ದು ಬಿಸಿಲಿಗೆ ಹರವಿದರೆ ಕರಿಮೆಣಸು. ಹಣ್ಣಾದುದನ್ನು ನೀರಿನಲ್ಲಿ ನೆನೆಸಿ ಸಿಪ್ಪೆ ತೆಗೆದರೆ ಬಿಳಿಮೆಣಸು.

ಮೆಣಸಿನಕಾಯಿಗೆ ಇದಾವುದೂ ಬೇಡ. ಬೀಜ ಚೆಲ್ಲಿ, ಸುಮಾರು ಆರು ವಾರದ ಸಸಿಯನ್ನು ಕಿತ್ತು ನೆಟ್ಟರೆ ಅದೇ ವರ್ಷ ಕಾಯಿ. ಚೆನ್ನಾದ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು, ಎಲೆ ಮುದುಡುವ ಮುಟುರು ರೋಗದ ಮೇಲೆ ಕಣ್ಣಿರಬೇಕು. ಹಾವೇರಿ ಸೀಮೆಯ ಎರೆಭೂಮಿಯಲ್ಲಿ ಮಳೆಯೊಂದನ್ನೇ ನಂಬಿಯೂ ಅದು ಬೆಳೆಯುತ್ತದೆ. ಮೆಣಸನ್ನು ಅರಸರು ಕೋಟೆ ಕಟ್ಟಿ ಕಾಯಬಹುದಿತ್ತು, ಸುಂಕ ಹಾಕಬಹುದಿತ್ತು. ಪ್ರತಿ ಹಿತ್ತಿಲಿನ ಮೆಣಸಿನಗಿಡಕ್ಕೆ ಯಾರು ಕಾವಲು ಹಾಕಿಯಾರು? ರಾಗಿ ಮುದ್ದೆಗೂ ಜೋಳದ ರೊಟ್ಟಿಗೂ ಬಡವನ ಕೈಗೆಟಕುವ ಖಾರ ದೊರೆತದ್ದು ಹೀಗೆ.

ಉಪಯೋಗಗಳಲ್ಲೂ ಭೇದವುಂಟು. ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ವಸ್ತುವನ್ನು ಡೆನ್ಮಾರ್ಕಿನ ಓರ್ಸ್ಟೆಡ್ 1819ರಲ್ಲಿ ಬೇರ್ಪಡಿಸಿದ, ಮೆಣಸಿನಕಾಯಿಯದು ಕ್ಯಾಪ್ಸೈಸಿನ್. ಈ ಎರಡನೆಯದರ ನೆರವಿನಿಂದಲೇ ಡೇವಿಡ್ ಜೂಲಿಯಸ್ ನಮ್ಮ ನರಗಳಲ್ಲಿ ಬಿಸಿಯನ್ನು ಅರಿಯುವ ಅಂಗವನ್ನು 1997ರಲ್ಲಿ ಗುರುತಿಸಿ, 2021ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ನಾಲಗೆ 'ಸುಟ್ಟಿತು' ಎನ್ನುವುದು ಬರಿಯ ಮಾತಲ್ಲ. ಬಿಸಿಗೆ ಎಚ್ಚರಗೊಳ್ಳುವ ನರವೇ ಖಾರಕ್ಕೂ ಎಚ್ಚರಗೊಳ್ಳುತ್ತದೆ. ಹಸಿಮೆಣಸಿನಕಾಯಿಯಲ್ಲಿ ಸಿ ಜೀವಸತ್ವ ಧಾರಾಳ. ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಮಾನ್ಯತೆ ದೊರೆಯಿತು. ಅದರಿಂದ ತೆಗೆದ ಬಣ್ಣಕ್ಕೆ ಕಾರ್ಖಾನೆಗಳಲ್ಲಿ ಬೇಡಿಕೆಯಿದೆ. ಆದರೆ ನೆಗಡಿಯಾದಾಗ ಇಂದಿಗೂ ನಮ್ಮ ಮನೆಗಳಲ್ಲಿ ಕುದಿಯುವುದು ಮೆಣಸಿನ ಸಾರೇ, ಕಷಾಯವೇ.

ಈಗ ಹೆಸರಿನ ಮಾತು. ತಮಿಳರ 'ಮಿಳಗು' ಮಿಳಗಾಯ್ ಆಯಿತು, ತೆಲುಗರ 'ಮಿರಿಯ' ಮಿರಪಕಾಯ ಆಯಿತು, ಮರಾಠಿಯ 'ಮಿರೆ'ಯ ಪಕ್ಕದಲ್ಲಿ ಮಿರ್ಚಿ ಬಂದು ಕುಳಿತಿತು. ಹಿಂದಿಯಲ್ಲಿ ಸಂಸ್ಕೃತದ ಮರೀಚವೇ ಮಿರ್ಚ್ ಆಗಿ, ಹಳೆಯ ಯಜಮಾನ 'ಕಾಲಿ' ಎಂಬ ವಿಶೇಷಣ ಹೊತ್ತು ನಿಲ್ಲಬೇಕಾಯಿತು. ನಮ್ಮ ಕರಾವಳಿಯವರು ಮಾತ್ರ ಅದಕ್ಕೆ 'ಒಳ್ಳೆಮೆಣಸು' ಎಂದರು. ತುಳುವಿನಲ್ಲಿ 'ಎಡ್ಡೆ ಮುಂಚಿ', ಮಲೆಯಾಳದಲ್ಲಿ 'ನಲ್ಲಮುಳಗು', ಅರ್ಥವೊಂದೇ. ಹೆಸರು ಹೋದರೂ ಮಾನ ಉಳಿಸಿದರು. ಹಾಗೆಂದು ಮೆಣಸಿನ ಮೇಲೆ ವಿಪರೀತ ಕನಿಕರ ಪಡಬೇಕಾಗಿಲ್ಲ. ಯುರೋಪಿನಲ್ಲಿ ಅದಕ್ಕಿರುವ ಪೆಪ್ಪರ್ ಎಂಬ ಹೆಸರು ಹುಟ್ಟಿದ್ದು ಹಿಪ್ಪಲಿಯ 'ಪಿಪ್ಪಲಿ'ಯಿಂದ. ಅಲ್ಲಿ ಹೆಸರು ಕಿತ್ತುಕೊಂಡವನು ಮೆಣಸೇ!

ಇಂದು ಒಣಮೆಣಸಿನಕಾಯಿ ಬೆಳೆಯುವುದರಲ್ಲಿ ಭಾರತ ಜಗತ್ತಿಗೇ ಮೊದಲು. ಮೆಣಸಿನಲ್ಲಿ ವಿಯೆಟ್ನಾಂ ನಮ್ಮನ್ನು ಹಿಂದೆ ಹಾಕಿದೆ, ಅಲ್ಲಿಂದ ನಾವು ತರಿಸಿಕೊಳ್ಳುವುದೂ ಉಂಟು. ಬಂದವನು ಮನೆಯವನಾಗಿದ್ದಾನೆ, ಮನೆಯವನು ಹೊರಗೂ ನೆಲೆ ಕಂಡಿದ್ದಾನೆ. ಊರು ಬಿಟ್ಟು ಬಂದ ನಮಗೆ ಇದರಲ್ಲಿ ದೂರಲು ಏನಿದೆ?

ನಗರವಾಸಿಗಳಾದ ಓದುಗರಿಗೆ ಒಂದು ಸೂಚನೆ. ಮೆಣಸಿನಕಾಯಿಯ ಗಿಡವನ್ನು ಬಿಸಿಲು ಬೀಳುವ ಬಾಲ್ಕನಿಯ ಕುಂಡದಲ್ಲಿಡಿ. ಮೆಣಸಿನ ಕಾಯಿಬಿಡುವ ಅಡ್ಡರೆಂಬೆಗೆ ಬೇರು ಬರಿಸಿ ಮಾಡಿದ ಪೊದೆಮೆಣಸು ಮರವಿಲ್ಲದೆಯೇ ಕುಂಡದಲ್ಲಿ ಬೆಳೆಯುತ್ತದೆ. ಅದನ್ನು ನೆರಳಿನ ಮೂಲೆಯಲ್ಲಿಡಿ. ಮುಂಬಯಿ, ಮದರಾಸು ಕಡೆಯವರಿಗೆ ಸುಲಭ. ದಿಲ್ಲಿಯವರು ಚಳಿಗಾಲದಲ್ಲಿ ಅದನ್ನು ಒಳಗಿಡಬೇಕು. ಮಕ್ಕಳಿಗೆ ಎರಡನ್ನೂ ತೋರಿಸಿ, ಎರಡು ಹೆಸರನ್ನೂ ಹೇಳಿಕೊಡಿ. ಒಳ್ಳೆಮೆಣಸು ಎಂಬ ಒಂದು ಮಾತು ಬಾಯಿಂದ ಜಾರಿದರೆ ಅದರೊಳಗಿನ ನಾನೂರು ವರ್ಷಗಳ ಕಥೆಯೂ ಜಾರುತ್ತದೆ.

ಮುಂದಿನ ಯುಗಾದಿಯ ಚೀಟಿಯನ್ನು ನಾವೇ ಬರೆದೆವು: 'ಕಾಳುಮೆಣಸು, ಅಂದರೆ ಒಳ್ಳೆಮೆಣಸು, ಅರ್ಧ ಕಿಲೋ.' ಸಾರು ಚೆನ್ನಾಗಿತ್ತು.