ದೊಡ್ಡ ದಂಡಯಾತ್ರೆ ಅಂದ್ರ ನನಗ ವಾಗಣಗೇರಾದು

ಹೋದ ವಾರ ರಾತ್ರಿ ಊಟಕ್ಕ ಕುಂತಾಗ ಮೈದುನನ ಮಗ ಒಂದು ಮಾತು ತಗದ. ಇತಿಹಾಸದಾಗ ಎಲ್ಲಕ್ಕಿಂತ ದೊಡ್ಡ ದಂಡಯಾತ್ರೆ ಯಾವ್ದು? ಅವನ ಲೆಕ್ಕದಾಗ ಅಲೆಕ್ಸಾಂಡರಂದು. ನಮ್ಮ ಮನಿಯವರು ನೆಪೋಲಿಯನ್ ಅಂದ್ರು. ನಾ ರೊಟ್ಟಿ ಬಡಿಯೋದು ಬಿಡದೇ, ನಮ್ಮ ವಾಗಣಗೇರಾದು ಅಂದೆ. ಇಬ್ರೂ ನಕ್ಕರು. ಅವರಿಗಿ ಹೇಳಿದ್ದೇ ಇಲ್ಲಿ ಬರದೀನಿ, ಅಕ್ಕಾರೇ, ನೀವೇ ನೋಡ್ರಿ.

ಸುರಪುರದ ಹತ್ರ ಬಂಡೆಗಲ್ಲಿನ ಗುಡ್ಡದ ಮ್ಯಾಲ ವಾಗಣಗೇರಾ ಕೋಟಿ ಅದ. 1686ರಾಗ ವಿಜಾಪುರ, 1687ರಾಗ ಗೋಲ್ಕೊಂಡ ಔರಂಗಜೇಬನ ಪಾಲಾದ್ವು. ಅದೇ ವರ್ಷ ಶಹಾಪುರ ಕಡಿ ಸಗರನೂ ಹೋಯ್ತು, ಬೇಡರ ದೊರಿ ಪಾಮನಾಯಕ ಶರಣಾದ. ಅದೇ ಮನಿತನದ ಪಿಡ್ಡನಾಯಕ ಮಾತ್ರ ವಾಗಣಗೇರಾದಾಗ ನೆಲಿ ಊರಿದ. ಬೇಡರ ಬಂದೂಕಿನ ಗುರಿಗಿ ಮೊಗಲರೂ ಅಂಜ್ತಿದ್ರು.

1705ರ ಫೆಬ್ರುವರಿಯೊಳಗ ಬಾದಶಹಾ ತಾನೇ ದಂಡು ತಗೊಂಡು ಬಂದ. 86 ವರ್ಷದ ಮುದುಕ. ಗೋಲ್ಕೊಂಡದಂಥ ದೊಡ್ಡ ರಾಜ್ಯ ನುಂಗಿದವ ಈ ಸಣ್ಣ ಗುಡ್ಡದ ಬುಡಕ್ಕ ಸುಮಾರು ಮೂರು ತಿಂಗಳು ಕುಂತ. ಒಮ್ಮೆ ಮೊಗಲರು ಕೋಟಿ ಎದುರಿನ ಕೆಂಪು ದಿನ್ನಿ ಹಿಡದ್ರು, ಬೇಡರು ಬಂದು ಹೊಡದು ಇಳಿಸಿದ್ರು.

ಮಾರ್ಚ್ ಕೊನಿಗಿ ಧನಾಜಿ ಜಾಧವನ ಮರಾಠಾ ದಂಡು ಬಂತು. ಯಾಕಂದ್ರ ಅವರ ಸರದಾರರ ಹೆಣ್ಮಕ್ಕಳು ಮಕ್ಕಳೆಲ್ಲ ಈ ಕೋಟಿಯೊಳಗೇ ಆಸರಾ ತಗೊಂಡಿದ್ರು. ಅವರು ಮುಂದ ಮೊಗಲರ ಜೊತಿ ಜಗಳಾಡ್ಕೋತ, ಹಿಂದಿನ ಬಾಗಿಲಿಂದ ತಮ್ಮ ಮಂದಿನ ಹೊರಗ ಒಯ್ದ್ರು. ಮುಂದೂ ನಿಲ್ಲಬೇಕಂದ್ರ ಪಿಡ್ಡನಾಯಕ ದಿನಗೂಲಿ ಹಂಗ ರೊಕ್ಕ ಕೊಡಬೇಕಾಯ್ತು. ಪುಕ್ಕಟೆ ಗೆಳೆತನ ಏನಲ್ಲ ಅದು, ಖರೆ ಹೇಳಬೇಕು.

ಈಗ ನನಗ ಭಾಳ ಸೇರೋ ಭಾಗ. ಒಬ್ಬ ಕಾಶ್ಮೀರಿ ವ್ಯಾಪಾರಿನ ಮಧ್ಯ ಹಾಕಿ ಸಂಧಾನದ ಮಾತು ಶುರು ಮಾಡಿದ್ರು. ಪಿಡ್ಡನಾಯಕನ ತಮ್ಮ ಮೊಗಲರ ಡೇರೆಗಿ ಹೋದ. ಮೊಗಲರ ಒಬ್ಬ ಅಧಿಕಾರಿ ಕೋಟಿಯೊಳಗ ಬಂದ. ಅಷ್ಟರಾಗ ಪಿಡ್ಡನಾಯಕಗ ತಲಿ ಕೆಟ್ಟದ, ಮರಾಠರ ಜೊತಿ ಓಡಿ ಹೋಗ್ಯಾನ ಅಂತ ಸುದ್ದಿ ಹಬ್ಬಿತು. ಅವನ ತಾಯಿ ದುಃಖ ಮಾಡ್ಕೋತ ಬಾದಶಹಾಗ ಹೇಳಿ ಕಳಿಸಿದಳು: ಸಣ್ಣ ಮಗನ್ನ ವಾಪಸ ಕಳಿಸ್ರಿ, ಅವನ್ನೇ ನಾಯಕ ಮಾಡ್ರಿ, ನಾವು ಕೋಟಿ ಖಾಲಿ ಮಾಡಿ ಕೊಡ್ತೀವಿ. ಬಾದಶಹಾ ನಂಬಿ ಕಳಿಸಿದ. ಮಗ ಮನಿಗಿ ಬಂದ, ಬಾಗಿಲು ತೆರಿಲಿಲ್ಲ, ಒಳಗ ಬಂದಿದ್ದ ಅಧಿಕಾರಿ ಅಲ್ಲೇ ಸಿಕ್ಕೊಂಡ. ಇದನ್ನ ಬರದವ ಮೊಗಲರ ಕಡಿಯವನೇ, ಖಾಫಿ ಖಾನ್. ಎಷ್ಟು ದಿನದ್ದು ಉಪಾಯ ಸಾಕಿತ್ತೋ, ಆ ತಾಯಿ ಅಷ್ಟು ದಿನ ಗಳಿಸಿದಳು. ಊರಾಗ ಆನಿ ಕುದುರಿ ಮ್ಯಾಲ ಕುಂತವರ ಚಿತ್ರ ಎಲ್ಲಾ ಕಡಿ ಹಾಕ್ತಾರ, ಅವಳದು ಎಲ್ಲೂ ಕಾಣಲಿಲ್ಲ ನನಗ.

ಆಮ್ಯಾಲ ಝುಲ್ಫಿಕರ್ ಖಾನ್ ಬಂದ. ಅವ ಮೊದಲು ಹಿಡದಿದ್ದು ಬಾವಿಗಳು. ನೀರು ನಿಂತ್ರ ಮನಿ ಎಷ್ಟು ದಿನ ನಡೀತದ ಅಂಬೋದು ನಮ್ಮ ಬ್ಯಾಸಗಿ ನೋಡಿದವರಿಗಿ ಹೇಳಬೇಕಿಲ್ಲ. ಏಪ್ರಿಲ್ 27ಕ್ಕ ದೊಡ್ಡ ಹಲ್ಲಾ ಆಯ್ತು. ಬೇಡರು ಹೊತ್ತು ಮುಳುಗೋತನ ಬಂದೂಕು ಹಾರಿಸಿದ್ರು, ಕತ್ತಲಾದ ಮ್ಯಾಲ ಹಿಂದಿನಿಂದ ಇಳಿದು ಹೋದ್ರು. ಮೊಗಲರು ಒಳಗ ಹೊಕ್ಕಾಗ ಮನಿಗಳು ಉರೀತಿದ್ವು, ನಾಯಕ ಸಿಗಲಿಲ್ಲ.

“ಕೋಟಿ ಹೋಯ್ತಲ್ಲ ದೊಡ್ಡವ್ವ, ಹಂಗಾರ ಸೋತಂಗೇ ಅಲ್ಲಾ?” ಅಂದ ಹುಡುಗ. ನೆಪೋಲಿಯನ್ 1812ರಾಗ ಮಾಸ್ಕೋಕ್ಕ ಹೋದಾಗ ಅಲ್ಲೂ ಊರು ಖಾಲಿ ಇತ್ತು, ಬೆಂಕಿ ಹತ್ತಿತ್ತು. ಊರು ಹಿಡದವ ಅವನೇ, ಲಕ್ಷಗಟ್ಲೆ ಮಂದಿನ ಕಳಕೊಂಡು ಮರಳಿದವನೂ ಅವನೇ ಅಲ್ಲಾ ಅಂದೆ. ನಮ್ಮ ಮನಿಯವರು ಅದಕ್ಕ ಉತ್ತರ ಕೊಡಲಿಲ್ಲ, ಇನ್ನೊಂದು ರೊಟ್ಟಿ ಹಾಕು ಅಂದ್ರು.

ಬಾದಶಹಾ ಕೋಟಿ ಹೆಸರು ಬದಲಿಸಿ ರಹಮಾನ್ ಬಕ್ಷ್ ಅಂತ ಇಟ್ಟ. ನಮ್ಮ ಬಾಯಾಗ ಇನ್ನೂ ವಾಗಣಗೇರಾನೇ ಅದ. ಆಮ್ಯಾಲ ದೇವಾಪುರದಾಗ ಡೇರೆ ಹಾಕಿ ಜಡ್ಡಿಗಿ ಬಿದ್ದ, ಅಕ್ಟೋಬರದಾಗ ಪಲ್ಲಕ್ಕಿ ಹತ್ತಿ ಹೊಂಟ, 1707ರಾಗ ಅಹಮದನಗರದಾಗ ತೀರಿಕೊಂಡ. ಅವ ತಾನೇ ಮುಂದ ನಿಂತು ಮಾಡಿದ ಕಡೀ ಮುತ್ತಿಗಿ ಇದು. ಪಿಡ್ಡನಾಯಕನ ಮನಿತನ ಸುರಪುರದಾಗ ಉಳೀತು, 1858ರಾಗ ಇಂಗ್ಲಿಷರ ಎದುರು ನಿಂತ ವೆಂಕಟಪ್ಪನಾಯಕ ಅದೇ ಮನಿತನದವ.

ಹುಡುಗ ಇನ್ನೂ ಅಲೆಕ್ಸಾಂಡರೇ ಅಂತಾನ. ಬರೋ ಐತ್ವಾರ ವಾಗಣಗೇರಾ ಗುಡ್ಡ ಹತ್ತಸ್ತೀನಿ ಅಂದೀನಿ, ನೀರಿನ ಬಾಟ್ಲಿ ಮಾತ್ರ ಅವನೇ ಹೊರಬೇಕು.