ಶಕ್ತಿಮಾನ್ ಹೇಳಿದ ಬಿಸ್ಕತ್ತು

1997ರಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಶುರುವಾದಾಗ ನಾವು ಆರ್.ಟಿ. ನಗರದಲ್ಲಿದ್ದೆವು. ಪಕ್ಕದ ಜೆ.ಸಿ. ನಗರದ ಟಿ.ವಿ. ಟವರ್ ಕಂಡಾಗಲೆಲ್ಲ, ಅವನು ಅಲ್ಲೇ ಇರುತ್ತಾನೆ ಎನ್ನುತ್ತಿದ್ದ ನನ್ನ ತಮ್ಮ.

ಹೀರೋನನ್ನು ನಂಬಿ ಮಕ್ಕಳು ಮಹಡಿಯಿಂದ ಹಾರುತ್ತಾರೆಂಬ ಸುದ್ದಿ ಎದ್ದು ದೊಡ್ಡ ಗಲಾಟೆಯಾಯಿತು. ನನ್ನನ್ನು ಅನುಕರಿಸಬೇಡಿ ಎಂದು ಮುಕೇಶ್ ಖನ್ನಾ ತೆರೆಯ ಮೇಲೇ ಹೇಳಬೇಕಾಯಿತು. ಕಂತಿನ ಕೊನೆಗೆ ಅವರು ಅದೇ ವೇಷದಲ್ಲಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಒಂಥರಾ ಮೇಷ್ಟ್ರೇ ಅನ್ನಿ.

ಆ ಮೇಷ್ಟ್ರು ಪಾರ್ಲೆ-ಜಿ ಜಾಹೀರಾತಿಗೂ ಬಂದರು. ನಮ್ಮ ಬೀದಿಯಲ್ಲಿ ಅದಕ್ಕೆ ಯಾರೂ ತಕರಾರೆತ್ತಿದ್ದು ನೆನಪಿಲ್ಲ. ಅಮೆರಿಕದ ಪ್ರಸಾರ ನಿಯಂತ್ರಣ ಆಯೋಗವಾದರೋ 1974ರಲ್ಲೇ ಇದನ್ನು ಒಪ್ಪುವುದಿಲ್ಲವೆಂದಿತ್ತು: ಮಕ್ಕಳ ಕಾರ್ಯಕ್ರಮದ ನಿರೂಪಕನೋ ಪಾತ್ರವೋ ಅದೇ ಕಾರ್ಯಕ್ರಮದ ನಡುವೆ ಸಾಮಾನು ಮಾರಕೂಡದು. ಕಾರಣ ಸರಳ. ಕಥೆ ಎಲ್ಲಿ ಮುಗಿಯಿತು, ವ್ಯಾಪಾರ ಎಲ್ಲಿ ಶುರುವಾಯಿತು ಎನ್ನುವುದು ಚಿಕ್ಕ ಮಕ್ಕಳಿಗೆ ತಿಳಿಯುವುದಿಲ್ಲ.

ನಮ್ಮಲ್ಲಿ ಹಾರಾಟದ ಗಲಾಟೆಯಷ್ಟೇ ನೆನಪುಳಿಯಿತು. ಬಿಸ್ಕತ್ತಿನ ಪ್ರಶ್ನೆ ಹಿಂದೆ ಸರಿಯಿತು. ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು ಅದೇ. ಹಾರಬೇಡ ಎಂದರೆ ತಮ್ಮ ಕೇಳುತ್ತಿದ್ದ. ಅಂಗಡಿಯಲ್ಲಿ ಅಮ್ಮ ಬೇರೆ ಪೊಟ್ಟಣ ಎತ್ತಿಕೊಂಡರೆ ಮಾತ್ರ, “ಶಕ್ತಿಮಾನ್ ಹೇಳಿದ್ದು ಅದಲ್ಲ” ಎಂದು ನೆಲಕ್ಕೆ ಕೂತುಬಿಡುತ್ತಿದ್ದ.